ಶೆಡ್ಡಿನಲ್ಲಿರುವ ಫಿಯಟ್ ಓಡಿಸುವುದು ಹೇಗೆ? ಹೊಸ ಕಾರಿನಲ್ಲಿ ಕಲಿತವರಿಗೆ

ಹೋದ ದೀಪಾವಳಿಗೆ ಊರಿಗೆ ಬಂದಿದ್ದ ಅಕ್ಕನ ಮಗ ನಮ್ಮ ಹಳೇ ಫಿಯಟ್ ಪದ್ಮಿನಿಯ ಕೀ ಕೇಳಿದ. ಬೆಂಗಳೂರಿನಲ್ಲಿ ನಾಲ್ಕು ವರ್ಷದಿಂದ ಆಟೋಮ್ಯಾಟಿಕ್ ಕಾರು ಓಡಿಸುತ್ತಿದ್ದಾನೆ. ಕೂತವನೇ ಮೊದಲು ಸ್ಟಾರ್ಟ್ ಬಟನ್ ಹುಡುಕಿದ. ಆಮೇಲೆ ಗೇರ್ ಹುಡುಕಿದ. ಅದು ಸ್ಟೀರಿಂಗ್ ಕೆಳಗೆ ಎಡಗೈ ಹತ್ತಿರವೇ ಇತ್ತು, ಅವನು ಅದನ್ನು ವೈಪರ್ ಅಂದುಕೊಂಡಿದ್ದ. ಕೊನೆಗೆ ಚೋಕ್ (ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗುವ ಹಾಗೆ ಮಾಡುವ ಗುಂಡಿ) ಪೂರ್ತಿ ಎಳೆದು, ಆಕ್ಸಿಲರೇಟರ್ ಹತ್ತು ಸಲ ತುಳಿದು, ಸೆಲ್ಫ್ ಹೊಡೆದೇ ಹೊಡೆದ. ಎರಡು ನಿಮಿಷಕ್ಕೆ ಅಂಗಳವೆಲ್ಲ ಪೆಟ್ರೋಲ್ ವಾಸನೆ. "ಮಾಮ, ಇದು ಕೆಟ್ಟಿದೆ" ಅಂದ.

ಕೆಟ್ಟಿರಲಿಲ್ಲ. ಅವನ ಕಾರಿನಲ್ಲಿ ಕಂಪ್ಯೂಟರ್ ಮಾಡುವ ಕೆಲಸವನ್ನು ಇಲ್ಲಿ ಅವನೇ ಮಾಡಬೇಕಿತ್ತು, ಅಷ್ಟೇ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್, ಎಂಜಿನ್ ಬೆಚ್ಚಗಾಯಿತಾ, ಚಕ್ರ ಜಾರುತ್ತಿದೆಯಾ, ಏರಿನಲ್ಲಿ ಗಾಡಿ ಹಿಂದಕ್ಕೆ ಹೋಗುತ್ತಿದೆಯಾ, ಇದನ್ನೆಲ್ಲ ಹೊಸ ಕಾರಿನಲ್ಲಿ ಸೆನ್ಸರ್‌ಗಳು ನೋಡಿ ಇಸಿಯು ಅನ್ನುವ ಆ ಕಂಪ್ಯೂಟರಿಗೆ ಹೇಳುತ್ತವೆ. ಹಳೇ ಕಾರಿನಲ್ಲಿ ನಿಮ್ಮ ಕಾಲು, ಕಿವಿ, ಮೂಗು ಹೇಳಬೇಕು.

ಇಲ್ಲಿ ಉದಾಹರಣೆಗೆ ಪದ್ಮಿನಿಯನ್ನೇ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಅಂಬಾಸಿಡರ್ ಇದ್ದರೂ, ಕಾರ್ಬುರೇಟರ್ (ಕಂಪ್ಯೂಟರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕಾಲದ ಮಾರುತಿ 800 ಇದ್ದರೂ ಮುಕ್ಕಾಲು ಪಾಲು ಮಾತು ಅದಕ್ಕೂ ಹೊಂದುತ್ತದೆ. ಮುಂಬೈನ ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಅಂತ ತಯಾರಾಗುತ್ತಿದ್ದ ಕಾರೇ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಏನಾದರೂ ಆಗಲಿ, ನಮ್ಮ ಕಡೆ ಅದು ಇವತ್ತಿಗೂ ಫಿಯಟ್ಟೇ. 1089 ಸಿಸಿಯ ಎಂಜಿನ್, ಶಕ್ತಿ 40 ಹಾರ್ಸ್‌ಪವರ್ ಆಸುಪಾಸು. ಇವತ್ತಿನ 1.2 ಲೀಟರಿನ ಸಣ್ಣ ಕಾರು ಹೆಚ್ಚುಕಮ್ಮಿ ಅದರ ಎರಡರಷ್ಟು ಕೊಡುತ್ತದೆ. ನಮ್ಮದು 1986ರ ಗಾಡಿ. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕಿಗೆ ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಇಲ್ಲ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್.

ಮೊದಲು ಕಾಗದ

ಇದನ್ನು ಬೇಗ ಮುಗಿಸಿಬಿಡೋಣ. ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಫಿಟ್‌ನೆಸ್ ನೋಡಿ 5 ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಈ ನವೀಕರಣದ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದರು. ಇನ್ಶೂರೆನ್ಸ್ ಕನಿಷ್ಠ ಥರ್ಡ್ ಪಾರ್ಟಿಯಾದರೂ ಚಾಲ್ತಿಯಲ್ಲಿರಬೇಕು. "ನಮ್ಮದು ವಿಂಟೇಜ್ ಗಾಡಿ" ಅಂತ ಹೇಳಿಕೊಳ್ಳುವವರಿಗೆ ಒಂದು ಮಾತು: 2021ರ ನಿಯಮದ ಪ್ರಕಾರ 50 ವರ್ಷ ದಾಟಿದ್ದರೆ ಮಾತ್ರ ವಿಂಟೇಜ್. ಹಾಗೆ ನೋಂದಾಯಿಸಿದರೆ ರ‍್ಯಾಲಿಗೆ, ಪ್ರದರ್ಶನಕ್ಕೆ ಒಯ್ಯಬಹುದು, ದಿನಾ ಓಡಿಸುವ ಹಾಗಿಲ್ಲ.

ಹೊಗೆ ತಪಾಸಣೆಯಲ್ಲಿ ಹಳೇ ಹೊಸದರ ಅಂತರ ಅಂಕಿಯಲ್ಲೇ ಕಾಣುತ್ತದೆ. 2000ದ ಮಾರ್ಚ್‌ಗಿಂತ ಹಿಂದಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಶೇ 3ರವರೆಗೆ ಇರಬಹುದು. ಹೊಗೆಯ ಮಾನದಂಡವಾದ ಬಿಎಸ್-4ರಿಂದ ಈಚೆಗಿನ ಕಾರಿಗೆ ಮಿತಿ ಶೇ 0.3. ಅಂದರೆ ಹತ್ತು ಪಟ್ಟು ವ್ಯತ್ಯಾಸ. ಆದ್ದರಿಂದ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಬೇಡಿ. ಆ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆರು ತಿಂಗಳು ನಿಂತಿದ್ದ ಗಾಡಿಯಾದರೆ

ಸೀದಾ ಕೀ ತಿರುಗಿಸಬೇಡಿ. ಬಾನೆಟ್ ಎತ್ತಿ. ಇಲಿ ವೈರ್ ಕಡಿದಿದೆಯಾ, ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟಿದೆಯಾ ನೋಡಿ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಯಿಲ್, ರೇಡಿಯೇಟರ್ ನೀರು, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟ್ ನೋಡಿ. ಪ್ರತಿ ಚಕ್ರದ ಒಳಮೈ ಸವರಿ. ಕೈಗೆ ಒದ್ದೆ ತಾಗಿದರೆ ಚಕ್ರದೊಳಗೆ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಗಾಡಿ ಅವತ್ತು ಹೊರಗೆ ಹೊರಡುವುದಿಲ್ಲ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಗಾಡಿಯ ಟಯರ್ ಸವೆಯುವುದಕ್ಕಿಂತ ಮುಂಚೆ ಮುದಿಯಾಗುತ್ತದೆ. ರಸ್ತೆಗೆ ತಾಗುವ ಗುಂಡಿ ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಪೆಟ್ರೋಲ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ. ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕಸವನ್ನು ಎಬ್ಬಿಸಿ ಕಾರ್ಬುರೇಟರಿಗೆ ಕಳಿಸುತ್ತದೆ. ಜತೆಗೆ ಅದರಲ್ಲಿ ಆಕ್ಸಿಜನ್ ಇರುವುದರಿಂದ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಹೊಸ ಕಾರಿನ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಅದನ್ನು ನೋಡಿ ಇಸಿಯು ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಕಾರ್ಬುರೇಟರಿನ ಜೆಟ್ ಅಂದರೆ ಒಂದು ತೂತು. ತೂತಿಗೆ ಬುದ್ಧಿ ಎಲ್ಲಿಂದ ಬರಬೇಕು?

ಹಾಗಾಗಿ ಮೂರು ಕೆಲಸ ಮಾಡಿ. ಪೆಟ್ರೋಲ್ ಪೈಪ್‌ಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ಪೈಪಿಗೆ ಬದಲಾಯಿಸಿ. ಪಂಪಿಗಿಂತ ಮುಂಚೆ ಒಂದು ಸಣ್ಣ ಪಾರದರ್ಶಕ ಫಿಲ್ಟರ್ ಹಾಕಿಸಿ, ಕಸ ಬಂದರೆ ಕಣ್ಣಿಗೇ ಕಾಣುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಬಿಸ್ಕೆಟ್ ಬಣ್ಣ ಇದ್ದರೆ ಸರಿ. ಮಸಿ ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಾಗಿದ್ದರೆ ಕಮ್ಮಿ, ಎಂಜಿನ್ ಕಾಯುತ್ತದೆ, ಜೆಟ್ ಬಗ್ಗೆ ಮೆಕ್ಯಾನಿಕ್ ಹತ್ತಿರ ಮಾತಾಡಿ. ಹಳೇ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್ ಅಂದರೆ ಈ ಪ್ಲಗ್ಗಿನ ತುದಿ ಮತ್ತು ನಿಮ್ಮ ಕಣ್ಣು.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಕಿಡಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ವೈರ್ ಬಿಚ್ಚಿ, ಐದೈದು ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆಯಿರಿ. ಕಿಡಿ ಇಲ್ಲದೆ ಎಂಜಿನ್ ಸುಮ್ನೆ ತಿರುಗುತ್ತದೆ, ಒಣಗಿದ್ದ ಬೇರಿಂಗ್‌ಗಳಿಗೆ ಆಯಿಲ್ ಹೋಗುತ್ತದೆ. ಆಮೇಲೆ ವೈರ್ ಸಿಕ್ಕಿಸಿ.

ಸ್ಟಾರ್ಟ್ ಮಾಡುವ ಕ್ರಮ

ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಹೀಗೆ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಕ್ಲಚ್ ಒತ್ತಿ. ಚೋಕ್ ಪೂರ್ತಿ ಎಳೆಯಿರಿ. ಆಕ್ಸಿಲರೇಟರನ್ನು ಒಂದೇ ಒಂದು ಸಲ ನಿಧಾನವಾಗಿ ತುಳಿದು ಕಾಲು ತೆಗೆಯಿರಿ. ಸೆಲ್ಫ್ ಹೊಡೆಯಿರಿ, ಐದಾರು ಸೆಕೆಂಡಿಗಿಂತ ಜಾಸ್ತಿ ಬೇಡ. ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ. ಬ್ಯಾಟರಿಗೂ ಉಸಿರು ಬೇಕಲ್ವಾ?

ಎಂಜಿನ್ ಹಿಡಿದ ತಕ್ಷಣ ಚೋಕನ್ನು ಅರ್ಧಕ್ಕೆ ತಳ್ಳಿ. ಕಿವಿ ಕೊಡಿ. ಮೊದಲು ಒರಟಾಗಿ, ಕೆಮ್ಮಿದ ಹಾಗೆ ಓಡುತ್ತದೆ. ಒಂದು ನಿಮಿಷದಲ್ಲಿ ಸದ್ದು ದುಂಡಗಾಗುತ್ತದೆ. ಆಗ ಚೋಕ್ ಇನ್ನಷ್ಟು ಒಳಗೆ. ಕಾಲು ಕಿಲೋಮೀಟರ್ ಹೋಗುವಷ್ಟರಲ್ಲಿ ಪೂರ್ತಿ ಒಳಗೆ ಹೋಗಿರಬೇಕು. ಚೋಕ್ ಎಳೆದಿದ್ದು ಮರೆತು ಓಡಿಸಿದರೆ ಹಿಂದೆ ಕಪ್ಪು ಹೊಗೆ, ಮೈಲೇಜ್ ಅರ್ಧ, ಮೇಲಿಂದ ಹಸಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಹಾಕುತ್ತದೆ. ಬಿಸಿ ಎಂಜಿನ್ನಿಗೆ ಚೋಕ್ ಮುಟ್ಟಲೇಬೇಡಿ.

ಅಕ್ಕನ ಮಗ ಮಾಡಿದ ಹಾಗೆ ಪೆಟ್ರೋಲ್ ಓವರ್ ಆದರೆ? ಚೋಕ್ ಪೂರ್ತಿ ಒಳಗೆ ತಳ್ಳಿ. ಆಕ್ಸಿಲರೇಟರನ್ನು ತಳಕ್ಕೆ ಒತ್ತಿ ಹಾಗೇ ಹಿಡಿಯಿರಿ. ಪಂಪ್ ಮಾಡಬಾರದು, ಪ್ರತಿ ತುಳಿತಕ್ಕೂ ಕಾರ್ಬುರೇಟರ್ ಇನ್ನೊಂದು ಪಿಚಕಾರಿ ಪೆಟ್ರೋಲ್ ಹೊಡೆಯುತ್ತದೆ. ಒತ್ತಿ ಹಿಡಿದಾಗ ಗಾಳಿಯ ಬಾಗಿಲು ಪೂರ್ತಿ ತೆರೆದು ಒಳಗಿನ ಹಸಿ ಪೆಟ್ರೋಲ್ ಆರುತ್ತದೆ. ಹಾಗೇ ಸೆಲ್ಫ್ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ಹದಿನೈದು ನಿಮಿಷ ಕಾಫಿ ಕುಡಿದು ಬನ್ನಿ. ಅಷ್ಟರಲ್ಲಿ ಬಾನೆಟ್ ಹತ್ತಿರ ಯಾರೂ ಬೀಡಿ ಹಚ್ಚದ ಹಾಗೆ ನೋಡಿಕೊಳ್ಳಿ. ಅವತ್ತು ನಾವು ಕಾಫಿ ಕುಡಿದೆವು. ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು.

ಗೇರ್, ಕ್ಲಚ್, ಸ್ಟೀರಿಂಗ್

ಗೇರ್ ಎಲ್ಲೆಲ್ಲಿ ಬೀಳುತ್ತದೆ ಅನ್ನುವುದನ್ನು ಎಂಜಿನ್ ಆಫ್ ಮಾಡಿಕೊಂಡೇ ಕಲಿಯಿರಿ. ಕ್ಲಚ್ ಒತ್ತಿ ಒಂದರಿಂದ ನಾಲ್ಕಕ್ಕೆ, ನಾಲ್ಕರಿಂದ ಒಂದಕ್ಕೆ, ಇಪ್ಪತ್ತು ಸಲ. ಹೀಗೆ ಸ್ಟೀರಿಂಗ್ ಕೆಳಗಿರುವ ಕಾಲಂ ಗೇರಿನಲ್ಲಿ ಲಿವರ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಉದ್ದನೆಯ ರಾಡ್‌ಗಳು, ಬುಷ್‌ಗಳು ಇರುತ್ತವೆ. ಸವೆದಂತೆಲ್ಲ ಪ್ರತಿ ಗಾಡಿಗೂ ಅದರದೇ ಒಂದು ಹಟ ಬೆಳೆಯುತ್ತದೆ. ನಮ್ಮದರಲ್ಲಿ ಎರಡನೇ ಗೇರಿಗೆ ಮುಂಚೆ ನ್ಯೂಟ್ರಲ್‌ನಲ್ಲಿ ಅರೆಕ್ಷಣ ನಿಲ್ಲಬೇಕು, ಅವಸರ ಮಾಡಿದರೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಗಾಡಿಯ ಹಟ ಏನು ಅಂತ ಅದನ್ನು ಓಡಿಸಿದವರನ್ನೇ ಕೇಳಿ.

ಒಂದನೇ ಗೇರಿಗೆ ಸಿಂಕ್ರೊಮೆಶ್ (ಗೇರ್ ಹಲ್ಲುಗಳ ವೇಗ ತಾನಾಗೇ ಸಮ ಮಾಡುವ ಭಾಗ) ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಒಂದಕ್ಕೆ ಹಾಕಿ. ಉರುಳುವಾಗ ಹಾಕಲು ಹೋದರೆ ಹಲ್ಲು ಕಡಿದ ಸದ್ದು ಬರುತ್ತದೆ. ಮೇಲಿನ ಗೇರಿಂದ ಕೆಳಕ್ಕೆ ಬರುವಾಗ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಚೂರು ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಿದರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬೀಳುತ್ತದೆ. ಹಳೇ ಲಾರಿ ಡ್ರೈವರ್‌ಗಳು ಡಬಲ್ ಕ್ಲಚ್ ಅನ್ನುತ್ತಿದ್ದದ್ದು ಇದನ್ನೇ. ಕಲಿಯಲು ವಾರ ಬೇಕು, ಒಮ್ಮೆ ಬಂದರೆ ಬಿಡುವುದಿಲ್ಲ.

ಸ್ಟೀರಿಂಗಿಗೆ ಒಂದೇ ಸೂತ್ರ: ಚಕ್ರ ಚೂರಾದರೂ ಉರುಳುತ್ತಿರಲಿ, ಆಗ ತಿರುಗಿಸಿ. ನಿಂತಲ್ಲೇ ತಿರುಗಿಸಿದರೆ ನಿಮ್ಮ ಭುಜಕ್ಕೂ ಕೇಡು, ಸ್ಟೀರಿಂಗ್ ಬಾಕ್ಸಿಗೂ ಕೇಡು. ನೇರ ರಸ್ತೆಯಲ್ಲಿ ಸ್ಟೀರಿಂಗ್ ಅತ್ತಿತ್ತ ಸ್ವಲ್ಪ ಆಡುತ್ತದೆ. ಪ್ರತಿ ಆಟಕ್ಕೂ ನೀವು ಸರಿ ಮಾಡಲು ಹೋದರೆ ಗಾಡಿ ಹಾವಿನ ಹಾಗೆ ಹೋಗುತ್ತದೆ. ಹಗುರಾಗಿ ಹಿಡಿದು ದೂರ ನೋಡಿ. ಆದರೆ ಎರಡು ಬೆರಳಿಗಿಂತ ಜಾಸ್ತಿ ಆಡಿದರೆ ಗ್ಯಾರೇಜಿಗೆ ಒಯ್ಯಿರಿ.

ಏರಿನಲ್ಲಿ ನಿಂತು ಹೊರಡುವುದನ್ನು ಟ್ರಾಫಿಕ್ಕಿಗೆ ಹೋಗುವ ಮುಂಚೆ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ. ಹಿಲ್ ಹೋಲ್ಡ್ ಇರುವ ಕಾರಿನಲ್ಲಿ ಕಾಲು ಬ್ರೇಕಿಂದ ಎತ್ತಿದರೂ ಗಾಡಿ ಒಂದೆರಡು ಸೆಕೆಂಡ್ ಕಾಯುತ್ತದೆ. ಇದು ಕಾಯುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಅರ್ಧ ಕ್ಲಚ್‌ಗೆ ತಂದು, ಗಾಡಿಯ ಮೂಗು ಚೂರು ಎದ್ದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ.

ಬ್ರೇಕ್: ಇಲ್ಲಿ ನಿಧಾನವಾಗಿ ಓದಿ

ಹಳೇ ಕಾರಿನಲ್ಲಿ ನಿಜವಾದ ಅಪಾಯ ಯಾವುದು ಅಂತ ಕೇಳಿದರೆ, ಹೊಸ ಕಾರಿನಿಂದ ನೀವು ತರುವ ಕಾಲಿನ ಅಭ್ಯಾಸ ಅಂತ ಹೇಳುತ್ತೇನೆ. ಬೂಸ್ಟರ್ ಇರುವ ಡಿಸ್ಕ್ ಬ್ರೇಕಿಗೆ ಹೆಬ್ಬೆರಳು ತಾಗಿಸಿದರೆ ಸಾಕು. ಇಲ್ಲಿ ತೊಡೆಯ ಬಲ ಬೇಕು. ಮೊದಲ ದಿನ ಖಾಲಿ ಮೈದಾನದಲ್ಲಿ 20, 30, 40ರ ವೇಗದಲ್ಲಿ ಬ್ರೇಕ್ ಹೊಡೆದು ಎಲ್ಲಿ ನಿಲ್ಲುತ್ತದೆ ಅಂತ ಕಲ್ಲಿಟ್ಟು ಗುರುತು ಮಾಡಿ. ಎಡಕ್ಕೋ ಬಲಕ್ಕೋ ಎಳೆಯುತ್ತದಾ ನೋಡಿ. ಎಳೆದರೆ ನಾಲ್ಕೂ ಡ್ರಮ್‌ಗಳ ಅಡ್ಜಸ್ಟ್‌ಮೆಂಟ್ ಸಮ ಇಲ್ಲ.

60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ನೀವು ನೋಡಿ ಕಾಲು ಎತ್ತಿಡುವಷ್ಟರಲ್ಲೇ ಅದು ಮುಗಿಯಿತು. ಬ್ರೇಕ್ ಹಿಡಿಯುವುದು ಆಮೇಲೆ. ಇನ್ನು ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಬಿಸಿ ನಾಲ್ಕು ಪಟ್ಟು. ಅದಕ್ಕೇ ನನ್ನ ಕಟ್ಟುನಿಟ್ಟು ಹೀಗೆ: ಎಷ್ಟೇ ಒಳ್ಳೆಯ ಹೈವೇ ಆದರೂ 60 ದಾಟುವುದಿಲ್ಲ, ಮುಂದಿನ ಗಾಡಿಗೆ ಹೊಸ ಕಾರಿನಲ್ಲಿ ಬಿಡುವ ಅಂತರದ ಎರಡರಷ್ಟು ಬಿಡುತ್ತೇನೆ. ಆ ಜಾಗಕ್ಕೆ ಯಾರೋ ಬಂದು ನುಗ್ಗುತ್ತಾರೆ. ನುಗ್ಗಲಿ. ಮತ್ತೆ ಹಿಂದೆ ಸರಿಯಿರಿ. ಮುಂದಿರುವ ಹೊಸ ಕಾರು ಗಕ್ಕನೆ ನಿಲ್ಲುವ ಜಾಗದಲ್ಲಿ ನೀವು ನಿಲ್ಲಲಾರಿರಿ.

ಎಬಿಎಸ್ ಇಲ್ಲದ್ದರಿಂದ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಲಾಕ್ ಆದ ಮುಂದಿನ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಜಾರಿದ ಸದ್ದು ಬಂದ ತಕ್ಷಣ ಕಾಲು ಚೂರು ಸಡಿಲಿಸಿ, ಚಕ್ರ ಮತ್ತೆ ಉರುಳಲು ಬಿಟ್ಟು, ಮತ್ತೆ ಒತ್ತಬೇಕು. ಎಬಿಎಸ್ ಇದನ್ನೇ ಸೆಕೆಂಡಿಗೆ ಹಲವು ಸಲ ಮಾಡುತ್ತದೆ. ನೀವು ಎಷ್ಟೇ ಪಳಗಿದರೂ ಅಷ್ಟು ವೇಗವಾಗಿ ಮಾಡಲು ಆಗುವುದಿಲ್ಲ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ.

ಇಲ್ಲೇ ಇನ್ನೊಂದು ಮಾತು. "ಹಳೇ ಗಾಡಿ ತಗಡು ಗಟ್ಟಿ, ಗುದ್ದಿದರೂ ಏನೂ ಆಗಲ್ಲ" ಅಂತ ಊರಲ್ಲಿ ಹೇಳುವವರು ಬಹಳ. ಗಾಡಿಗೆ ಏನೂ ಆಗದಿರಬಹುದು. ಹೊಸ ಕಾರಿನ ಮುಂಭಾಗ ಮಡಚಿಕೊಳ್ಳುವ ಹಾಗೆಯೇ ಮಾಡಿರುತ್ತಾರೆ, ಏಟನ್ನು ಅದು ತಿನ್ನಲಿ ಅಂತ. ಮಡಚಿಕೊಳ್ಳದ ಗಾಡಿಯಲ್ಲಿ ಆ ಏಟು ಒಳಗೆ ಕೂತವರ ಎದೆಗೆ ಬರುತ್ತದೆ. ಏರ್‌ಬ್ಯಾಗ್ ಇಲ್ಲ, ಸ್ಟೀರಿಂಗ್ ಕಾಲಂ ನೇರ ಉಕ್ಕಿನ ಕಂಬಿ. ಬೆಲ್ಟ್ ಇಲ್ಲದಿದ್ದರೆ ಗಟ್ಟಿ ಜಾಗಕ್ಕೆ ಬೋಲ್ಟ್ ಹಾಕಿಸಿ ಬೆಲ್ಟ್ ಕೂಡಿಸಿ. ಮಕ್ಕಳನ್ನು ಮುಂದೆ ಕೂರಿಸಬೇಡಿ. ಮನೆಯವರನ್ನೆಲ್ಲ ತುಂಬಿಕೊಂಡು ದೂರ ಹೋಗಬೇಕಾದ ದಿನ ನಾನು ಹೊಸ ಕಾರನ್ನೇ ತೆಗೆಯುತ್ತೇನೆ. ಇದರಲ್ಲಿ ಅಭಿಮಾನದ ಪ್ರಶ್ನೆ ಇಲ್ಲ.

ಘಾಟಿ ಇಳಿಯುವಾಗ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಹತ್ತು ವರ್ಷದ ಹಿಂದೆ ನಾನು ಇದೇ ಪದ್ಮಿನಿಯಲ್ಲಿ, ಬುದ್ಧಿ ಮನೆಯಲ್ಲಿ ಬಿಟ್ಟು, ಮೂರನೇ ಗೇರಿನಲ್ಲಿ ಇಳಿದೆ. ಪ್ರತಿ ತಿರುವಿಗೂ ಬ್ರೇಕ್, ನಡುವಿನ ಇಳಿಜಾರಿಗೂ ಬ್ರೇಕ್. ಏಳೋ ಎಂಟೋ ತಿರುವು ಆದ ಮೇಲೆ ಸುಟ್ಟ ವಾಸನೆ ಬಂತು. ಮುಂದಿನ ಬಸ್ಸಿನದು ಅಂದುಕೊಂಡೆ. ಇನ್ನೊಂದು ತಿರುವಿನಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಆದರೆ ಗಾಡಿ ನಿಧಾನವಾಗುತ್ತಿಲ್ಲ. ಆ ಕ್ಷಣದಲ್ಲಿ ಎರಡನೇ ಗೇರ್ ಬಿದ್ದದ್ದು ನನ್ನ ಪುಣ್ಯ. ಎಂಜಿನ್ ಕೂಗಿಕೊಂಡಿತು, ಗಾಡಿ ಹಿಡಿಯಿತು, ಎಡಕ್ಕೆ ಮಣ್ಣಿನ ಅಂಚಿಗೆ ಏರಿಸಿ ನಿಲ್ಲಿಸಿದೆ. ಡ್ರಮ್‌ಗಳಿಂದ ಹೊಗೆ ಬರುತ್ತಿತ್ತು. ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಕೋತಿಗಳು ಬಂದು ಬಿಸ್ಕೆಟ್ ಪೊಟ್ಟಣ ಹೊತ್ತುಕೊಂಡು ಹೋದವು, ಓಡಿಸಲು ನನ್ನ ಕಾಲಲ್ಲಿ ಶಕ್ತಿ ಇರಲಿಲ್ಲ.

ತಪ್ಪು ಪೂರ್ತಿ ನನ್ನದೇ. ಡ್ರಮ್ ಅಂದರೆ ಮುಚ್ಚಿದ ಪಾತ್ರೆ, ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಡಿಸ್ಕ್ ತೆರೆದಿರುತ್ತದೆ, ಗಾಳಿ ತಾಗುತ್ತದೆ. ಹಾಗಾಗಿ ಇಳಿಯುವ ಕ್ರಮ ಹೀಗಿರಲಿ. ಇಳಿಜಾರು ಶುರುವಾಗುವ ಮುಂಚೆಯೇ ಎರಡನೇ ಗೇರಿಗೆ ಬನ್ನಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ. ಆಕ್ಸಿಲರೇಟರಿಂದ ಕಾಲು ತೆಗೆಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ. ಅರ್ಧ ದಾರಿಯಲ್ಲಿ ಜಾಗ ಸಿಕ್ಕರೆ ಹತ್ತು ನಿಮಿಷ ನಿಲ್ಲಿಸಿ.

ಬ್ರೇಕ್ ಹೋಗುವುದರಲ್ಲಿ ಎರಡು ಬಗೆ ಇದೆ. ಪೆಡಲ್ ಗಟ್ಟಿ ಇದ್ದು ಗಾಡಿ ನಿಲ್ಲದಿದ್ದರೆ ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನಿಂಗ್ ಕಾದಿದೆ. ಪಂಪ್ ಮಾಡಿ ಪ್ರಯೋಜನವಿಲ್ಲ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆಯಿರಿ. ಪೆಡಲ್ ಸ್ಪಂಜಿನ ಹಾಗೆ ತಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದ್ದು ಆವಿಯಾಗಿದೆ, ಇಲ್ಲವೇ ಸೋರಿದೆ. ಆಗ ಪಟಪಟನೆ ಪಂಪ್ ಮಾಡಿದರೆ ಸ್ವಲ್ಪವಾದರೂ ಸಿಗಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಕಾದ ಡ್ರಮ್ಮಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಬದಲು ಚಕ್ರಕ್ಕೆ ಕಲ್ಲು ಕೊಡಿ.

ಬಿಸಿಲು, ಟ್ರಾಫಿಕ್, ಒದ್ದೆ ಬಟ್ಟೆ

ಏಪ್ರಿಲ್ ಬಿಸಿಲಲ್ಲಿ, ಟೋಲ್ ಹತ್ತಿರ ಕಾಲು ಗಂಟೆ ನಿಂತು, ಹೊರಡಬೇಕು ಅನ್ನುವಾಗ ಎಂಜಿನ್ ಉಸಿರು ಕಟ್ಟಿ ನಿಂತುಬಿಡುತ್ತದೆ. ಪೆಟ್ರೋಲ್ ಇದೆ, ಕಿಡಿ ಇದೆ, ಆದರೂ ಹಿಡಿಯುವುದಿಲ್ಲ. ಇದು ವೇಪರ್ ಲಾಕ್. ಹೊಸ ಕಾರಿನಲ್ಲಿ ಪಂಪ್ ಟ್ಯಾಂಕಿನೊಳಗೇ ಇದ್ದು ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಹಳೇ ಕಾರಿನ ಪಂಪ್ ಎಂಜಿನ್ನಿಗೇ ಅಂಟಿಕೊಂಡು ಕೂತು ದೂರದ ಟ್ಯಾಂಕಿನಿಂದ ಹೀರಬೇಕು. ಎಂಜಿನ್ ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾದರೆ ಪಂಪ್ ಗಾಳಿ ಹೀರುತ್ತದೆ.

ಬಾನೆಟ್ ಎತ್ತಿ. ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಪಂಪಿನ ಮೇಲೆ ಸುತ್ತಿ. ಹತ್ತು ನಿಮಿಷ ಕಾಯಿರಿ. ಸ್ಟಾರ್ಟ್ ಆಗುತ್ತದೆ. ಈ ಬಟ್ಟೆ ಮತ್ತು ಎರಡು ಲೀಟರ್ ನೀರು ನಮ್ಮ ಗಾಡಿಯಲ್ಲಿ ಸ್ಟೆಪ್ನಿಯಷ್ಟೇ ಖಾಯಂ. ಅದರ ಜತೆಗೆ ಒಂದು ಫ್ಯಾನ್ ಬೆಲ್ಟ್, ಎರಡು ಪ್ಲಗ್, ಒಂದು ಸೆಟ್ ಪಾಯಿಂಟ್ (ಹೊತ್ತಿಗೆ ಸರಿಯಾಗಿ ಕಿಡಿ ಹುಟ್ಟಿಸುವ ಸ್ವಿಚ್), ಅದರ ಜೋಡಿ ಕಂಡೆನ್ಸರ್, ಫ್ಯೂಸ್, ಮರಳು ಕಾಗದದ ತುಂಡು, ಟಾರ್ಚ್ ಇಡಿ. ಕರೆಂಟು ಬರುತ್ತಿಲ್ಲ ಅಂದರೆ ಹತ್ತರಲ್ಲಿ ಎಂಟು ಸಲ ಪಾಯಿಂಟ್ ಉಜ್ಜಿದರೆ ಸರಿಹೋಗುತ್ತದೆ.

ಟೆಂಪರೇಚರ್ ಮುಳ್ಳನ್ನು ಐದು ನಿಮಿಷಕ್ಕೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊಸ ಕಾರಿನಲ್ಲಿ ಕಾದಾಗ ದೀಪ ಹತ್ತುತ್ತದೆ, ಬೀಪ್ ಅನ್ನುತ್ತದೆ. ಇಲ್ಲಿ ಮುಳ್ಳು ಸದ್ದಿಲ್ಲದೆ ಏರುತ್ತದೆ. ಕಾದರೆ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಅರ್ಧ ಗಂಟೆ ಬಿಟ್ಟು, ದಪ್ಪ ಬಟ್ಟೆ ಹಿಡಿದು, ಮುಖ ದೂರ ಇಟ್ಟು ತೆಗೆಯಿರಿ.

ಮಳೆ ಮತ್ತು ರಾತ್ರಿ

ಆದಷ್ಟು ತಪ್ಪಿಸಿ, ಅಷ್ಟೇ ನನ್ನ ಸಲಹೆ. ತಪ್ಪದಿದ್ದರೆ ಗಾಜು ಒಳಗಿಂದ ಮಂಜಾಗದಂತೆ ಮುಂದಿನ ತ್ರಿಕೋನ ಕಿಟಕಿಯನ್ನು ಚೂರು ತೆರೆದಿಡಿ. ಏಸಿ ಇಲ್ಲದ ಕಾಲದಲ್ಲಿ ಆ ಪುಟ್ಟ ಗಾಜು ಎಷ್ಟು ಕೆಲಸ ಮಾಡುತ್ತಿತ್ತು ಅಂತ ಓಡಿಸಿದವರಿಗೇ ಗೊತ್ತು. ನೀರಿನಲ್ಲಿ ಹಾದು ಬಂದರೆ ಡ್ರಮ್ ಒದ್ದೆಯಾಗಿ ಬ್ರೇಕ್ ಹಿಡಿಯುವುದಿಲ್ಲ. ನಿಧಾನವಾಗಿ ಹೋಗುತ್ತಾ ಪೆಡಲ್ ಹಗುರಾಗಿ ಒತ್ತಿ ಒಣಗಿಸಿ. ಹೆಡ್‌ಲೈಟ್ ಮಂಕು ಅಂತ ಜಾಸ್ತಿ ವ್ಯಾಟಿನ ಬಲ್ಬ್ ಹಾಕುವುದಾದರೆ ಜಾಸ್ತಿ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ರಿಲೇ ಹಾಕಿಸಿಯೇ ಹಾಕಿ, ಇಲ್ಲದಿದ್ದರೆ ಸ್ವಿಚ್ ಮತ್ತು ವೈರ್ ಕರಗುತ್ತವೆ. ಹಗಲಲ್ಲಿ ಇಂಡಿಕೇಟರ್ ಹಿಂದಿನವರಿಗೆ ಕಾಣುವುದೇ ಇಲ್ಲ, ಕೈಯನ್ನೂ ಹೊರಗೆ ತೋರಿಸಿ.

ಮತ್ತೆ ಹೊಸ ಕಾರಿಗೆ ಕೂತಾಗ

ಹಳೇ ಗಾಡಿಯಲ್ಲಿ ಕಲಿತ ಕೆಲವು ಒಳ್ಳೆಯ ಅಭ್ಯಾಸಗಳು ಹೊಸ ಕಾರಿನಲ್ಲಿ ಕೆಟ್ಟವಾಗುತ್ತವೆ.

ಎಬಿಎಸ್ ಇರುವ ಕಾರಿನಲ್ಲಿ ಬ್ರೇಕ್ ಪಂಪ್ ಮಾಡಬೇಡಿ. ತುರ್ತಿನಲ್ಲಿ ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ಗಡಗಡ ನಡುಗುತ್ತದೆ, ಹೆದರಿ ಕಾಲು ತೆಗೆಯಬೇಡಿ, ಅದು ಕೆಲಸ ಮಾಡುತ್ತಿರುವ ಲಕ್ಷಣ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಮುಟ್ಟಬೇಡಿ. ಬೆಳಗ್ಗೆ ಐದು ನಿಮಿಷ ನಿಲ್ಲಿಸಿ ಬಿಸಿ ಮಾಡುವುದೂ ಬೇಡ, ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ. ಬ್ಯಾಟರಿ ಸತ್ತರೆ ಫಿಯಟ್ಟನ್ನು ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು. ಹೊಸ ಕಾರಿನಲ್ಲಿ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳು ಮಾಡಬಹುದು, ಜಂಪ್ ಕೇಬಲ್ಲೇ ಸರಿ. ಪ್ಲಗ್ ವೈರ್ ಕಿತ್ತು ಕಿಡಿ ನೋಡುವ ಹಳೇ ಚಾಳಿಯನ್ನು ಇಲ್ಲಿ ತೋರಿಸಿದರೆ ಎಲೆಕ್ಟ್ರಾನಿಕ್ಸ್ ಸುಡಬಹುದು.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಹಳೇ ಡ್ರೈವರ್‌ಗಳ ಉಪಾಯವಂತೂ ಎರಡೂ ಕಡೆ ತಪ್ಪು. ಹಳೇ ಗಾಡಿಯಲ್ಲಿ ಒಂದೆರಡು ಚಮಚ ಉಳಿಯುತ್ತಿತ್ತೇನೋ, ಬದಲಿಗೆ ಎಂಜಿನ್ ಹಿಡಿತ ಹೋಗುತ್ತಿತ್ತು. ಹೊಸ ಕಾರಿನಲ್ಲಿ ಅದೂ ಉಳಿಯುವುದಿಲ್ಲ. ಗೇರಿನಲ್ಲಿದ್ದು ಕಾಲು ತೆಗೆದರೆ ಇಸಿಯು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲಿ ಅಂತ ಮತ್ತೆ ಕೊಡಲು ಶುರು ಮಾಡುತ್ತದೆ. ಎಂಜಿನ್ನನ್ನೇ ಆಫ್ ಮಾಡಿದಿರೋ, ಬೂಸ್ಟರೂ ಹೋಯಿತು, ಪವರ್ ಸ್ಟೀರಿಂಗೂ ಹೋಯಿತು.

ಎಡಗೈಯನ್ನು ಪಳಗಿಸುವುದು ಮಾತ್ರ ನನಗೆ ಇನ್ನೂ ಆಗಿಲ್ಲ. ವಾರವಿಡೀ ಫಿಯಟ್ ಓಡಿಸಿ ಸೋಮವಾರ ಹೊಸ ಕಾರಿನಲ್ಲಿ ಹೊರಟರೆ, ಮೊದಲ ಹಂಪಿನ ಹತ್ತಿರ ಗೇರ್ ಇಳಿಸಲು ಕೈ ತಾನಾಗೇ ಸ್ಟೀರಿಂಗ್ ಪಕ್ಕಕ್ಕೆ ಹೋಗುತ್ತದೆ. ಉರಿ ಬಿಸಿಲಲ್ಲಿ ವೈಪರ್ ಒಣ ಗಾಜನ್ನು ಕರಕರ ಅಂತ ಒರೆಸುತ್ತದೆ.